ಎಲುಬಿಲ್ಲದ ಮೀನು

ಮೂವತ್ತೈದು ವರ್ಷಗಳ ಕಾಲ ಕನ್ನಡ ವ್ಯಾಕರಣವನ್ನೂ ಕಾವ್ಯವನ್ನೂ ಕಲಿಸಿದ ಮೇಷ್ಟರು ಮೀನಿನ ವಿಷಯ ಬರೆಯಲು ಹೊರಟರೆ ಓದುವವರು ಹುಬ್ಬೇರಿಸುವುದು ಸಹಜ. ನಾನು ಹುಟ್ಟಿ ಬೆಳೆದದ್ದು ತುಮಕೂರು ಸೀಮೆಯಲ್ಲಿ. ಅಲ್ಲಿ ನಮಗೆ ಸಮುದ್ರವೆಂದರೆ ಭೂಪಟದಲ್ಲಿ ನೀಲಿ ಬಣ್ಣ ಬಳಿದ ಜಾಗ. ಮೀನೆಂದರೆ ಬೇಸಗೆಯಲ್ಲಿ ಕೆರೆ ಬತ್ತಿದಾಗ ಕೆಸರಿನಲ್ಲಿ ಮಿಡುಕುವ ಪ್ರಾಣಿ. ನಮ್ಮ ಮನೆಯಲ್ಲಿ ಅದನ್ನು ತಿನ್ನುವ ರೂಢಿಯೂ ಇರಲಿಲ್ಲ. ಇಂತಹವನಿಗೆ ಮೀನಿನಲ್ಲಿ ಆಸಕ್ತಿ ಹುಟ್ಟಿದ್ದು ಒಂದು ತಪ್ಪಿನಿಂದ. ಆ ತಪ್ಪು ನನ್ನದೇ.

1984ರಲ್ಲಿ ನನಗೆ ಕುಂದಾಪುರ ತಾಲ್ಲೂಕಿನ ಕಡಲತೀರದ ಒಂದು ಪ್ರೌಢಶಾಲೆಯಲ್ಲಿ ಕೆಲಸ ದೊರೆಯಿತು. ಆಗಿನ್ನೂ ಉಡುಪಿ ಜಿಲ್ಲೆ ಹುಟ್ಟಿರಲಿಲ್ಲ. ಕುಂದಾಪುರವು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ತರಗತಿಯ ಕಿಟಕಿ ತೆರೆದರೆ ಗಾಳಿಮರದ ತೋಪು, ತೋಪಿನಾಚೆ ಅಲೆಗಳ ಮೊರೆತ. ವಿದ್ಯಾರ್ಥಿಗಳಲ್ಲಿ ಅನೇಕರು ಮೀನುಗಾರರ ಮಕ್ಕಳು. ಅವರ ಮನೆಮಾತಿನ ಕನ್ನಡ ಮೊದಮೊದಲು ನನಗೆ ಅರ್ಥವಾಗುತ್ತಿರಲಿಲ್ಲ. ನನ್ನ ಗ್ರಾಂಥಿಕ ಕನ್ನಡ ಅವರಿಗೂ ಅಷ್ಟೇ ದೂರವಾಗಿದ್ದಿರಬೇಕು. ಆದರೆ ನಾನು ಮೇಜಿನ ಈಚೆ ನಿಂತಿದ್ದೆನಾದ್ದರಿಂದ, ತಿದ್ದಿಕೊಳ್ಳಬೇಕಾದವರು ಅವರೇ ಎಂದು ಭಾವಿಸಿದ್ದೆ.

ಮಳೆಗಾಲ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದ ದಿನಗಳು. ಒಂಬತ್ತನೆಯ ತರಗತಿಯಲ್ಲಿ ಅಂದು ‘ಜ’ಕಾರದಿಂದ ಕೊನೆಗೊಳ್ಳುವ ಪದಗಳ ಪಾಠ ನಡೆದಿತ್ತು. ಕೆಸರಿನಲ್ಲಿ ಹುಟ್ಟಿದುದು ಪಂಕಜ, ನೀರಿನಲ್ಲಿ ಹುಟ್ಟಿದುದು ಜಲಜ, ಮೊದಲು ಹುಟ್ಟಿದವನು ಅಗ್ರಜ, ಅನಂತರ ಹುಟ್ಟಿದವನು ಅನುಜ. ಅಲ್ಲಿಂದ ಮುಂದೆ, ನಮ್ಮ ಹಿಂದಿನವರು ಜೀವಿಗಳನ್ನು ಅವು ಹುಟ್ಟುವ ರೀತಿಯಿಂದ ವಿಂಗಡಿಸಿದ್ದರೆಂದು ವಿವರಿಸಿದೆ. ಮೊಟ್ಟೆಯಿಂದ ಹುಟ್ಟುವುವು ಅಂಡಜಗಳು. ಗರ್ಭದ ಪೊರೆಯಾದ ಜರಾಯುವಿನೊಡನೆ ಹುಟ್ಟುವುವು ಜರಾಯುಜಗಳು. ಬೆವರಿನಿಂದ ಹುಟ್ಟುವುವೆಂದು ನಂಬಿದ್ದ ಹುಳುಗಳು ಸ್ವೇದಜಗಳು. ನೆಲವನ್ನು ಸೀಳಿಕೊಂಡು ಮೇಲೇಳುವ ಗಿಡಮರಗಳು ಉದ್ಭಿಜ್ಜಗಳು. “ಹಕ್ಕಿ, ಹಾವು, ಮೀನು, ಇವೆಲ್ಲ ಅಂಡಜಗಳು” ಎಂದು ಕರಿಹಲಗೆಯ ಮೇಲೆ ದೊಡ್ಡಕ್ಷರಗಳಲ್ಲಿ ಬರೆದೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಕರಾರುವಾಕ್ಕಾಗಿ ಓದುವವನಲ್ಲ, ವಾರಕ್ಕೆರಡು ದಿನ ತಂದೆಯೊಡನೆ ದೋಣಿಗೆ ಹೋಗಿ ತರಗತಿ ತಪ್ಪಿಸುವವನು. “ಮಾಷ್ಟ್ರೇ, ತಾಟೆ ಮರಿ ಹಾಕತ್ತ್ ಅಲ್ದಾ?” ಎಂದು ಕೇಳಿದ.

ತಾಟೆಯೆಂದರೇನೆಂದು ನನಗೆ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಧೈರ್ಯವೂ ಇರಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, ಅದೊಂದು ಜಾತಿಯ ಮೀನು, ಅದಕ್ಕೆ ಎಲುಬಿಲ್ಲ ಎಂದು ವಿವರಿಸಿದಾಗ ನನಗೆ ನಗು ಬಂತು. ಎಲುಬಿಲ್ಲದ ಮೀನು, ಮರಿ ಹಾಕುವ ಮೀನು! “ಶಾಸ್ತ್ರ ಬರೆದವರಿಗಿಂತ ನೀನು ಹೆಚ್ಚು ಬಲ್ಲವನೋ? ದಡದ ಹರಟೆಯನ್ನು ದಡದಲ್ಲೇ ಬಿಟ್ಟು ಬಾ. ಕುಳಿತುಕೋ” ಎಂದೆ. ತರಗತಿಯೆಲ್ಲ ನಕ್ಕಿತು. ಹುಡುಗ ಕುಳಿತ. ಮರುದಿನ ಅವನು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ದಡದ ಕಡೆಗೆ ನಡೆದೆ. ಹುಡುಗನನ್ನು ಹುಡುಕಿಕೊಂಡು ಹೋದೆನೆಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ನಿಜವಾಗುವುದಿಲ್ಲ. ನನ್ನ ಮಾತೇ ಸರಿಯೆಂದು ಖಚಿತಪಡಿಸಿಕೊಳ್ಳುವುದು ನನ್ನ ಉದ್ದೇಶವಾಗಿತ್ತು. ಅಲ್ಲಿ ತೆಂಗಿನ ಮರದಡಿಯಲ್ಲಿ ಒಬ್ಬ ಮುದುಕಿ ಮೆಟ್ಟುಕತ್ತಿಯ ಮುಂದೆ ಕುಳಿತು ಮೀನು ಕೊಯ್ಯುತ್ತಿದ್ದಳು. ಪಕ್ಕದಲ್ಲಿ ಅದೇ ಹುಡುಗ ಬಲೆಯ ಗಂಟು ಬಿಡಿಸುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತನಾದರೂ ಮಾತಾಡಲಿಲ್ಲ. ಮುದುಕಿ ಅವನ ಅಜ್ಜಿ. “ಬನ್ನಿ ಮಾಷ್ಟ್ರೇ” ಎಂದು ಒಂದು ಮಣೆ ಸರಿಸಿದಳು. ತರಗತಿಯಲ್ಲಿ ನಡೆದುದು ಅವಳಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು.

ಬುಟ್ಟಿಯಲ್ಲಿ ನಾಲ್ಕಾರು ಬೂದು ಬಣ್ಣದ ಮೀನುಗಳಿದ್ದವು. ಒಂದೊಂದೂ ಒಂದು ಮೊಳಕ್ಕಿಂತ ತುಸು ಹೆಚ್ಚು ಉದ್ದ. ಸನಿಕೆಯಂತೆ ಚಪ್ಪಟೆಯಾದ ಮೂತಿ, ಅದರ ಕೆಳಗೆ ಅಡ್ಡವಾಗಿ ಸೀಳಿದಂತಹ ಬಾಯಿ, ಬಾಲದ ಮೇಲ್ಭಾಗ ಉದ್ದವಾಗಿ ಕೆಳಭಾಗ ಮೋಟಾಗಿತ್ತು. ಒಂದನ್ನು ಮುಟ್ಟಿ ನೋಡಿದೆ. ತಲೆಯಿಂದ ಬಾಲದ ಕಡೆಗೆ ಕೈಯಾಡಿಸಿದಾಗ ರೇಷ್ಮೆಯಂತೆ ನಯವಾಗಿತ್ತು. ಬಾಲದಿಂದ ತಲೆಯ ಕಡೆಗೆ ಕೈ ಎಳೆದಾಗ ಅಂಗೈ ತರಚಿದಂತಾಯಿತು. ಅಜ್ಜಿ ನಕ್ಕಳು. ಬಂಗುಡೆಗಿರುವಂತೆ ಇದಕ್ಕೆ ಉದುರುವ ಹುರುಪೆಯಿಲ್ಲ. ಚರ್ಮದ ತುಂಬ ಕಣ್ಣಿಗೆ ಕಾಣಿಸದಷ್ಟು ಸಣ್ಣ ಮುಳ್ಳುಗಳು, ಎಲ್ಲವೂ ಬಾಲದ ಕಡೆಗೆ ಬಾಗಿದವು. ಈ ಮುಳ್ಳುಗಳ ರಚನೆ ಹಲ್ಲಿನ ರಚನೆಯಂತೆಯೇ ಇರುತ್ತದೆಂದು ಅನಂತರ ಓದಿದೆ. ಒಳಗೆ ದಂತದ್ರವ್ಯ, ಹೊರಗೆ ಗಾಜಿನಂತಹ ಹೊಳಪಿನ ಲೇಪ. ಒಂದರ್ಥದಲ್ಲಿ ಈ ಮೀನು ಮೈಯೆಲ್ಲ ಹಲ್ಲು ಹೊದ್ದಿರುವ ಪ್ರಾಣಿ. ಅನೇಕ ದೇಶಗಳ ಬಡಗಿಗಳು ಮರವನ್ನು ಉಜ್ಜಿ ನಯಗೊಳಿಸಲು ಇದರ ಚರ್ಮವನ್ನೇ ಬಳಸುತ್ತಿದ್ದರು.

ಅಜ್ಜಿಯ ಕತ್ತಿ ಮೀನಿನ ಬೆನ್ನನ್ನು ಹಾಯ್ದು ಹೋದಾಗ ಎಲುಬು ಮುರಿದ ಸದ್ದು ಕೇಳಲಿಲ್ಲ. ಬೆನ್ನುಹುರಿಯ ತುಂಡೊಂದನ್ನು ಎತ್ತಿ ನನ್ನ ಕೈಗಿತ್ತಳು. ಉಗುರಿನಿಂದ ಒತ್ತಿದರೆ ಅದು ಮೆಲ್ಲನೆ ಬಾಗಿತು. ನಿಮ್ಮ ಕಿವಿಯ ಮೇಲ್ತುದಿಯನ್ನು ಮಡಿಸಿ ಬಿಟ್ಟು ನೋಡಿ. ಮೂಗಿನ ತುದಿಯನ್ನು ಒತ್ತಿ ನೋಡಿ. ಬಾಗಿ ಮತ್ತೆ ನೆಟ್ಟಗಾಗುವ ಆ ವಸ್ತುವೇ ಮೃದ್ವಸ್ಥಿ. ತಾಯಿಯ ಗರ್ಭದಲ್ಲಿದ್ದಾಗ ನಮ್ಮ ಎಲುಬುಗಳಲ್ಲಿಯೂ ಬಹುಪಾಲು ಮೊದಲು ಮೃದ್ವಸ್ಥಿಯಾಗಿಯೇ ಇದ್ದು, ಬಳಿಕ ಗಟ್ಟಿಯಾದವು. ತಾಟೆಯ ಅಸ್ಥಿಪಂಜರ ಬದುಕಿನುದ್ದಕ್ಕೂ ಮೃದ್ವಸ್ಥಿಯಾಗಿಯೇ ಉಳಿಯುತ್ತದೆ. ಅದರ ಹೊರಮೈಯಲ್ಲಿ ಮಾತ್ರ ಸುಣ್ಣದ ಸಣ್ಣ ಸಣ್ಣ ಬಿಲ್ಲೆಗಳು ಹಾಸುಗಲ್ಲಿನಂತೆ ಜೋಡಿಸಿಕೊಂಡು ಬಲ ಕೊಡುತ್ತವೆ. ಇದರಿಂದಲೇ ಈ ಬಳಗಕ್ಕೆ ಮೃದ್ವಸ್ಥಿ ಮೀನುಗಳೆಂಬ ಹೆಸರು ಬಂದಿತು. ಎಲುಬು ಹುಟ್ಟುವುದಕ್ಕಿಂತ ಮೊದಲಿನ ಹಳೆಯ ಮಾದರಿ ಇದು ಎಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. ಆದರೆ ಮಂಗೋಲಿಯದಲ್ಲಿ ದೊರೆತ, ಸುಮಾರು 41 ಕೋಟಿ ವರ್ಷ ಹಳೆಯದಾದ ಒಂದು ಮೀನಿನ ತಲೆಬುರುಡೆಯಲ್ಲಿ ಎಲುಬಿನ ಕುರುಹು ಇದೆಯೆಂದು 2020ರಲ್ಲಿ ಪ್ರಕಟವಾಯಿತು. ತಾಟೆಯ ಪೂರ್ವಜರಿಗೆ ಎಲುಬು ಇದ್ದು, ಅನಂತರ ಅವು ಅದನ್ನು ಬಿಟ್ಟುಕೊಟ್ಟಿರಬೇಕೆಂದು ಈಗ ಹೇಳುತ್ತಾರೆ. ತಪ್ಪು ತಿದ್ದಿಕೊಳ್ಳುವವರು ಕನ್ನಡ ಮೇಷ್ಟರುಗಳು ಮಾತ್ರವಲ್ಲ ಎಂಬುದನ್ನು ಓದಿ ನನಗೆ ತುಸು ಸಮಾಧಾನವಾಯಿತು.

ಹೊಟ್ಟೆಯನ್ನು ಸೀಳಿದಾಗ ಮೊದಲು ಹೊರಬಂದುದು ನಸುಹಳದಿ ಬಣ್ಣದ ಪಿತ್ತಜನಕಾಂಗ. ಮೀನಿನ ಗಾತ್ರಕ್ಕೆ ಅದು ಬಹಳ ದೊಡ್ಡದು, ಎಣ್ಣೆಯಿಂದ ಜಿನುಗುವಂತಹುದು. ಎಲುಬುಳ್ಳ ಅನೇಕ ಮೀನುಗಳ ಹೊಟ್ಟೆಯಲ್ಲಿ ಗಾಳಿ ತುಂಬಿದ ಒಂದು ಚೀಲವಿದ್ದು, ಅವು ಮುಳುಗದಂತೆ ಕಾಪಾಡುತ್ತದೆ. ತಾಟೆಗೆ ಆ ಚೀಲವಿಲ್ಲ. ನೀರಿಗಿಂತ ಹಗುರವಾದ ಈ ಎಣ್ಣೆಯೂ ಹಗುರವಾದ ಮೃದ್ವಸ್ಥಿಯೂ ಆ ಕೆಲಸವನ್ನು ಬಹುಮಟ್ಟಿಗೆ ನಡೆಸುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರದೇಶದ ಕಾಡ್ ಮೀನಿನ ಎಣ್ಣೆ ಬರುವುದು ನಿಂತಾಗ, ನಮ್ಮ ದೇಶದ ಕರಾವಳಿಯಲ್ಲಿ ತಾಟೆಯ ಈ ಅಂಗದಿಂದಲೇ ಎಣ್ಣೆ ತೆಗೆದು ‘ಎ’ ಜೀವಸತ್ತ್ವಕ್ಕಾಗಿ ರೋಗಿಗಳಿಗೂ ಮಕ್ಕಳಿಗೂ ಕೊಡುತ್ತಿದ್ದರು.

ಆಮೇಲೆ ಅಜ್ಜಿ ಕತ್ತಿಯನ್ನು ಬದಿಗಿಟ್ಟು ಬೆರಳುಗಳಿಂದ ಮೆಲ್ಲನೆ ಒಳಗಿನ ಇನ್ನೊಂದು ಚೀಲವನ್ನು ಬಿಡಿಸಿದಳು. ಅದರೊಳಗೆ ಮರಿಗಳಿದ್ದವು. ಒಂದೊಂದೂ ನನ್ನ ಅಂಗೈಯ ಅಗಲಕ್ಕಿಂತ ತುಸು ಉದ್ದ; ಕಣ್ಣು, ರೆಕ್ಕೆ, ಬಾಲ ಎಲ್ಲವೂ ಮೂಡಿ ತಾಯಿಯ ಪಡಿಯಚ್ಚಿನಂತಿದ್ದವು. ಎಣಿಸಿದೆ, ಹನ್ನೊಂದಿದ್ದವು. ಪ್ರತಿಯೊಂದರ ಎದೆಯ ಕೆಳಗಿನಿಂದ ಒಂದು ಎಳೆ ಹೊರಟು ಚೀಲದ ಗೋಡೆಯನ್ನು ಸೇರಿತ್ತು. ಆ ಎಳೆಯ ಮೈತುಂಬ ನವುರಾದ ಕುಚ್ಚುಗಳು.

“ಕಾಣಿ ಮಾಷ್ಟ್ರೇ, ಹೊಕ್ಳಬಳ್ಳಿ. ನಮ್ ಮಕ್ಕಳಿಗ್ ಇಪ್ಪು ಹಾಂಗೇ” ಎಂದಳು ಅಜ್ಜಿ.

ನನಗೆ ಮಾತು ಹೊರಡಲಿಲ್ಲ. ಎರಡು ಮರಿಗಳು ಇನ್ನೂ ಮಿಡುಕುತ್ತಿದ್ದವು. ಹುಡುಗ ಅವೆರಡನ್ನೂ ಬೊಗಸೆಯಲ್ಲೆತ್ತಿಕೊಂಡು ನೀರಿನ ಕಡೆಗೆ ಓಡಿದ. “ಅದ್ ಉಳೂದಿಲ್ಲ, ಬಿಡಾ” ಎಂದು ಅಜ್ಜಿ ಕೂಗಿದಳು. ಅವನು ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಬಹಳ ಹೊತ್ತು ಹಾಗೆಯೇ ನಿಂತಿದ್ದ. ಹೆರಿಗೆಯಾಗಿ ಹದಿನೈದು ದಿನವಾದ ಮಗಳು ಮನೆಯಲ್ಲಿದ್ದಾಳೆ, ತಾಟೆಯ ಸಾರು ಬಾಣಂತಿಗೆ ಹಾಲು ಹೆಚ್ಚಿಸುತ್ತದೆ, ಅದಕ್ಕೆಂದೇ ಕೊಯ್ಯುತ್ತಿದ್ದೇನೆ ಎಂದು ಅಜ್ಜಿ ಹೇಳುತ್ತಲೇ ಇದ್ದಳು. ನನ್ನ ಕಣ್ಣು ಆ ಹನ್ನೊಂದು ಎಳೆಗಳ ಮೇಲೆಯೇ ನೆಟ್ಟಿತ್ತು. ಜರಾಯುವೆಂಬ ಪದದ ಅರ್ಥವನ್ನು ನಾನು ನಿಘಂಟಿನಿಂದ ಬಾಯಿಪಾಠ ಮಾಡಿದ್ದೆ. ಜರಾಯುವನ್ನು ಕಣ್ಣಾರೆ ಕಂಡುದು ಅಂದೇ, ಅದೂ ಮೀನೊಂದರ ಹೊಟ್ಟೆಯಲ್ಲಿ.

ಕೋಣೆಗೆ ಮರಳಿ ಅಮರಕೋಶವನ್ನು ತೆಗೆದು ನೋಡಿದೆ. ಅಂಡಜಗಳಿಗೆ ಉದಾಹರಣೆಯಾಗಿ ಅಲ್ಲಿ ಹೆಸರಿಸಿದ್ದುದು ಹಕ್ಕಿ ಮತ್ತು ಹಾವುಗಳನ್ನು ಮಾತ್ರ. ಮುಂದೆ ‘ಮೊದಲಾದವು’ ಎಂಬರ್ಥದ ಒಂದು ಪದವಿತ್ತು. ಆ ‘ಮೊದಲಾದವು’ಗಳೊಳಗೆ ಲೋಕದ ಮೀನುಗಳನ್ನೆಲ್ಲ ತುಂಬಿದವನು ನಾನು. ಶಾಸ್ತ್ರಕಾರರ ಹೆಸರು ಹೇಳಿ ಹುಡುಗನ ಬಾಯಿ ಮುಚ್ಚಿಸಿದ್ದೆನಲ್ಲ. ಕನಿಷ್ಠ ಆ ಪುಟವನ್ನಾದರೂ ಸರಿಯಾಗಿ ಓದಿರಲಿಲ್ಲ.

ಸೋಮವಾರ ತರಗತಿಯಲ್ಲಿ, “ಕೆಲವು ಮೀನುಗಳು ಮರಿ ಹಾಕುವುದೂ ಉಂಟು, ಬರೆದುಕೊಳ್ಳಿ” ಎಂದೆ. ಅಷ್ಟೇ. ಅದನ್ನು ಯಾರು ಹೇಳಿದ್ದರು, ಯಾರು ನಕ್ಕಿದ್ದರು ಎಂಬುದನ್ನು ಎತ್ತಲಿಲ್ಲ. ಹುಡುಗ ತಲೆ ಬಗ್ಗಿಸಿಕೊಂಡು ಬರೆದುಕೊಂಡ. ಮುಂದಿನ ವರ್ಷ ಅವನು ಹತ್ತನೆಯ ತರಗತಿಗೆ ಬರಲಿಲ್ಲ. ನನ್ನ ಮಾತಿನಿಂದಲೇ ಶಾಲೆ ಬಿಟ್ಟನೆಂದು ಹೇಳಲಾರೆ; ತಂದೆಯ ದೋಣಿಗೆ ಜನ ಬೇಕಾಗಿತ್ತು, ಮನೆಯಲ್ಲಿ ಸಾಲವಿತ್ತು. ಆದರೂ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆದಾಗ ನನ್ನ ಕೈ ಒಂದು ಗಳಿಗೆ ತಡೆಯಿತು.

ಆ ವರ್ಷ ನಾನು ಮೀನಿನ ಪುಸ್ತಕಗಳನ್ನು ಹುಡುಕಿ ಓದತೊಡಗಿದೆ. ಕುಂದಾಪುರದ ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರು ನನ್ನ ವರ್ಣನೆಯನ್ನು ಕೇಳಿ, ಅದು ಸ್ಕೋಲಿಯೋಡಾನ್ ಎಂದು ಒಮ್ಮೆಗೇ ಗುರುತಿಸಿದರು. ಭಾರತದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಕೊಯ್ದು ಕಲಿಯುತ್ತಿದ್ದ ಮೀನೇ ಅದು. ಇ. ಎಂ. ತಿಲ್ಲೈಯಂಪಲಂ ಎಂಬ ವಿದುಷಿ 1928ರಲ್ಲಿ ಅದೊಂದರ ಮೇಲೆಯೇ ಒಂದು ಗ್ರಂಥ ಬರೆದಿದ್ದರು. ತಾಟೆಗಳಲ್ಲೆಲ್ಲ ಇದರ ಮೊಟ್ಟೆ ಬಹಳ ಚಿಕ್ಕದು, ಹೆಚ್ಚುಕಡಮೆ ಒಂದು ಮಿಲಿಮೀಟರು. ಅದರಲ್ಲಿ ಭಂಡಾರದ ಅಂಶ ಇಲ್ಲವೆನ್ನುವಷ್ಟು ಕಡಮೆ. ಆದುದರಿಂದ ಮರಿ ಬೆಳೆಯಬೇಕಾದರೆ ಮೊದಲಿನಿಂದಲೇ ತಾಯಿಯ ಮೈಯಿಂದ ಆಹಾರ ಬರಬೇಕು. ನಾನು ಕಂಡ ಎಳೆ ಆ ಆಹಾರದ ದಾರಿ. ಹೀಗೆ ಐದಾರು ತಿಂಗಳು ಹೊತ್ತು ತಾಯಿ ಮರಿಗಳನ್ನು ಹೆರುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಗ್ರೀಸಿನ ಅರಿಸ್ಟಾಟಲನು ಲೆಸ್ಬಾಸ್ ದ್ವೀಪದ ಕಡಲಂಚಿನಲ್ಲಿ ಕುಳಿತು, ಮೀನುಗಾರರನ್ನು ಕೇಳಿ ಕೇಳಿ, ಮೀನುಗಳ ವಿಷಯ ಬರೆದಿಟ್ಟನು. ನಯವಾದ ಒಂದು ಬಗೆಯ ತಾಟೆಯ ಮರಿಗಳು ಹೊಕ್ಕುಳಬಳ್ಳಿಯಿಂದ ತಾಯಿಯ ಗರ್ಭಕ್ಕೆ ಅಂಟಿರುತ್ತವೆಂದು ಅವನು ಹೇಳಿದ್ದನ್ನು ಮುಂದಿನ ಪಂಡಿತರಲ್ಲಿ ಅನೇಕರು ನಂಬಲಿಲ್ಲ. ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಕಳೆದ ಮೇಲೆ, 1842ರಲ್ಲಿ, ಬರ್ಲಿನ್ನಿನ ಯೋಹಾನ್ನೆಸ್ ಮ್ಯುಲ್ಲರ್ ಆ ಮೀನನ್ನು ಕೊಯ್ದು ನೋಡಿ ಅರಿಸ್ಟಾಟಲನ ಮಾತು ನಿಜವೆಂದು ತೋರಿಸಿದನು. ಇದೇ ಮ್ಯುಲ್ಲರನು ಹೆನ್ಲೆ ಎಂಬ ವಿದ್ವಾಂಸನೊಡಗೂಡಿ 1838ರಲ್ಲಿ, ಅಜ್ಜಿಯ ಬುಟ್ಟಿಯಲ್ಲಿದ್ದ ಆ ಸನಿಕೆಮೂತಿಯ ತಾಟೆಗೆ ಶಾಸ್ತ್ರೀಯ ನಾಮವನ್ನು ಕೊಟ್ಟವನು.

ಹಾಗೆಂದು ತಾಟೆಗಳೆಲ್ಲವೂ ಜರಾಯುಜಗಳೆಂದು ಬರೆದರೆ ನಾನು ಮತ್ತೆ ಹಳೆಯ ತಪ್ಪನ್ನೇ ಮಾಡಿದಂತಾಗುತ್ತದೆ. ಕೆಲವು ತಾಟೆಗಳು ಮೊಟ್ಟೆಯನ್ನೇ ಇಡುತ್ತವೆ. ಆ ಮೊಟ್ಟೆ ತೊಗಲಿನ ಚೀಲದಂತಹ ಕೋಶದೊಳಗಿದ್ದು, ಅದರ ಮೂಲೆಗಳ ಬಳ್ಳಿಗಳು ಕಡಲ ಪಾಚಿಗೆ ಸುತ್ತಿಕೊಳ್ಳುತ್ತವೆ. ಇನ್ನು ಬಹಳಷ್ಟು ಜಾತಿಗಳಲ್ಲಿ ಮೊಟ್ಟೆ ತಾಯಿಯ ಹೊಟ್ಟೆಯೊಳಗೇ ಒಡೆದು, ಮರಿ ಅಲ್ಲಿಯೇ ಬೆಳೆದು, ಹೊಕ್ಕುಳಬಳ್ಳಿಯ ಹಂಗಿಲ್ಲದೆ ಹೊರಗೆ ಬರುತ್ತದೆ. ಅದನ್ನು ಅಂಡಜವೆನ್ನಬೇಕೋ ಬೇಡವೋ ವೈಯಾಕರಣರು ಹೇಳಲಿ. ಒಂದು ಬಗೆಯ ತಾಟೆಯಲ್ಲಂತೂ ಮೊದಲು ಬಲಿತ ಮರಿ ಗರ್ಭದೊಳಗಿನ ತನ್ನ ಒಡಹುಟ್ಟುಗಳನ್ನೇ ತಿಂದು ಬೆಳೆಯುತ್ತದೆ. ಆ ತಾಯಿಗೆ ಎರಡು ಗರ್ಭಚೀಲಗಳು. ಹೀಗಾಗಿ ಹುಟ್ಟುವುದು ಎರಡೇ ಮರಿ.

ಈ ಬಳಗದಲ್ಲಿ ಇಂದು ಗುರುತಿಸಿರುವ ಜಾತಿಗಳು 1,200ಕ್ಕೂ ಹೆಚ್ಚು. ಎಲುಬುಳ್ಳ ಮೀನುಗಳ ಜಾತಿಗಳು 30,000ಕ್ಕೂ ಮಿಗಿಲಾಗಿರುವುದರಿಂದ ಇದು ಚಿಕ್ಕ ಸಂಸಾರವೇ ಸರಿ. ಇದನ್ನು ಎಲ್ಲಿಡಬೇಕೆಂದು ತಿಳಿಯದೆ ದೊಡ್ಡವರೂ ಎಡವಿದ್ದಾರೆ. ಸ್ವೀಡನ್ನಿನ ಲಿನೇಯಸನು 1758ರಲ್ಲಿ ಪ್ರಕಟಿಸಿದ ತನ್ನ ಹೆಸರಾಂತ ಗ್ರಂಥದಲ್ಲಿ ತಿಮಿಂಗಿಲವನ್ನು ಮೀನುಗಳ ಸಾಲಿನಿಂದ ತೆಗೆದು ಸಸ್ತನಿಗಳ ಸಾಲಿಗೆ ಸೇರಿಸಿದನು, ಅದು ಸರಿಯಾಗಿತ್ತು. ಅದೇ ಗ್ರಂಥದಲ್ಲಿ ತಾಟೆಯನ್ನೂ ತೊರಕೆಯನ್ನೂ ಮೀನುಗಳಿಂದ ಹೊರಗಿಟ್ಟು, ಕಪ್ಪೆ ಹಾವುಗಳಿದ್ದ ಉಭಯಚರಿಗಳ ವರ್ಗಕ್ಕೆ ತಳ್ಳಿದನು, ಅದು ತಪ್ಪಾಗಿತ್ತು.

ಈಗಿನ ವಿಂಗಡಣೆಯಲ್ಲಿ ಮೃದ್ವಸ್ಥಿ ಮೀನುಗಳಿಗೆ ಎರಡು ಶಾಖೆಗಳು. ಒಂದು ಶಾಖೆ ಆಳದ ಕಡಲಿನ ಕೈಮೀರಗಳದು; ದೊಡ್ಡ ಕಣ್ಣು, ಇಲಿಯಂತಹ ಬಾಲ, ಕಿವಿರನ್ನು ಮುಚ್ಚುವ ಒಂದು ಮಡಿಕೆ. ಅವು ನಮ್ಮ ದಡಕ್ಕೆ ಬರುವುದು ಅಪರೂಪವಾದ್ದರಿಂದ ಇಲ್ಲಿ ಬಿಡುತ್ತೇನೆ. ಇನ್ನೊಂದು ಶಾಖೆಯಲ್ಲಿ ಇಂಗ್ಲಿಷರು ಶಾರ್ಕ್ ಎಂದು ಕರೆಯುವ, ಕೊಂಕಣಿಯವರು ಮೋರಿ ಎನ್ನುವ ತಾಟೆಗಳೂ, ಮೊರದಂತೆ ಚಪ್ಪಟೆಯಾಗಿ ಚಾವಟಿಯಂತಹ ಬಾಲ ಬೀಸುವ ತೊರಕೆಗಳೂ ಇವೆ. ಹೆಚ್ಚು ಜಾತಿಗಳಿರುವುದು ತೊರಕೆಯ ಕಡೆಗೇ. ಇವೆರಡನ್ನೂ ಗುರುತಿಸುವುದು ಸುಲಭ ಎಂದುಕೊಳ್ಳುವಾಗಲೇ ಗರಗಸ ಮೀನು ಎದುರಾಗುತ್ತದೆ. ಮೈ ತಾಟೆಯಂತಿದ್ದರೂ ಅದು ತೊರಕೆ. ಅದರಂತೆಯೇ ಗರಗಸವಿರುವ, ಆದರೆ ನಿಜವಾಗಿ ತಾಟೆಯೇ ಆಗಿರುವ ಬೇರೊಂದು ಮೀನೂ ಉಂಟು! ಮೈಯ ಆಕಾರವನ್ನು ನಂಬಿದರೆ ಮೋಸ ಹೋಗುತ್ತೇವೆ. ನಂಬಬೇಕಾದ ಗುರುತು ಕಿವಿರಿನ ಸೀಳುಗಳು. ಎಲುಬುಳ್ಳ ಮೀನಿನಲ್ಲಿ ಕಿವಿರಿನ ಮೇಲೆ ಗಟ್ಟಿಯಾದ ಮುಚ್ಚಳವಿರುತ್ತದೆ. ತಾಟೆ ತೊರಕೆಗಳಲ್ಲಿ ಮುಚ್ಚಳವಿಲ್ಲ. ಸಾಮಾನ್ಯವಾಗಿ ಒಂದೊಂದು ಕಡೆಗೆ ಐದು ಸೀಳುಗಳು ಬರಿದಾಗಿ ಕಾಣುತ್ತವೆ. ಅವು ಕತ್ತಿನ ಪಕ್ಕದಲ್ಲಿದ್ದರೆ ತಾಟೆ. ಹೊಟ್ಟೆಯ ಕಡೆಗೆ, ಬಾಯಿಯ ಹಿಂದೆ ಇದ್ದರೆ ತೊರಕೆ.

ಮೂತಿಯ ಮೇಲೆ ಸೂಜಿಯಿಂದ ಚುಚ್ಚಿದಂತಿರುವ ರಂಧ್ರಗಳನ್ನೂ ಅಜ್ಜಿ ಅಂದು ತೋರಿಸಿದ್ದಳು. ಹಿಂಡಿದರೆ ಅಂಟು ಬರುತ್ತದೆ ಎಂದಿದ್ದಳು. ಇಟಲಿಯ ಲೊರೆಂಜಿನಿ 1678ರಲ್ಲಿಯೇ ಅವುಗಳನ್ನು ವರ್ಣಿಸಿದ್ದರೂ ಅವುಗಳ ಉಪಯೋಗ ಸ್ಪಷ್ಟವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಪ್ರತಿಯೊಂದು ಜೀವಿಯ ಮೈಯಿಂದಲೂ ಅತಿ ಸೂಕ್ಷ್ಮವಾದ ವಿದ್ಯುತ್ತು ನೀರಿಗೆ ಹರಿಯುತ್ತದೆ. ಈ ರಂಧ್ರಗಳ ಮೂಲಕ ತಾಟೆ ಅದನ್ನು ಅರಿಯುತ್ತದೆ. ಮರಳಿನಲ್ಲಿ ಹೂತುಕೊಂಡು ಉಸಿರು ಬಿಗಿಹಿಡಿದ ಮೀನೂ ಅದರಿಂದ ತಪ್ಪಿಸಿಕೊಳ್ಳಲಾರದು. ತಾಟೆಯ ಮಾಂಸವನ್ನು ಚೆನ್ನಾಗಿ ತೊಳೆಯದಿದ್ದರೆ ಕಟುವಾದ ವಾಸನೆ ಬರುತ್ತದೆಂದೂ ಅವಳು ಹೇಳಿದ್ದಳು. ಕಡಲಿನ ಉಪ್ಪು ಮೈಯ ನೀರನ್ನು ಹೀರಿಬಿಡದಂತೆ ಈ ಮೀನು ತನ್ನ ರಕ್ತದಲ್ಲಿ ಯೂರಿಯವನ್ನು ಉಳಿಸಿಕೊಳ್ಳುತ್ತದೆ. ಸತ್ತ ಮೇಲೆ ಅದು ಅಮೋನಿಯವಾಗುತ್ತದೆ. ಅಜ್ಜಿಗೆ ಯೂರಿಯ ಗೊತ್ತಿರಲಿಲ್ಲ, ನನಗೆ ವಾಸನೆ ಗೊತ್ತಿರಲಿಲ್ಲ.

ವರ್ಗವಾಗಿ ಆ ಊರು ಬಿಟ್ಟ ಮೇಲೂ ಹೊಸದೇನಾದರೂ ಕಂಡರೆ ಗುರುತು ಹಾಕಿಕೊಳ್ಳುತ್ತಿದ್ದೆ. ಗ್ರೀನ್‌ಲೆಂಡಿನ ತಣ್ಣನೆಯ ಕಡಲಿನ ಒಂದು ತಾಟೆ ಕಡಮೆಯೆಂದರೂ 272 ವರ್ಷ ಬದುಕುತ್ತದೆ, ಮರಿ ಹಾಕುವ ವಯಸ್ಸಿಗೆ ಬರಲು ಅದಕ್ಕೆ ಸುಮಾರು ಒಂದೂವರೆ ಶತಮಾನ ಬೇಕೆಂದು 2016ರಲ್ಲಿ ಓದಿದೆ. ಬೆರಗಿನ ಬೆನ್ನಿಗೇ ಭಯವೂ ಆಯಿತು. ಬಂಗುಡೆ ಸಾವಿರ ಸಾವಿರ ಮೊಟ್ಟೆಗಳನ್ನು ನೀರಿಗೆ ಚೆಲ್ಲುತ್ತದೆ; ಬಲೆಗೆ ಬಿದ್ದಷ್ಟನ್ನೂ ಬೇಗ ತುಂಬಿಕೊಳ್ಳಬಲ್ಲುದು. ತಾಟೆ ತೊರಕೆಗಳಾದರೋ ತಡವಾಗಿ ಬಲಿತು, ಕೆಲವೇ ಮರಿಗಳನ್ನು ಬಹಳ ದಿನ ಹೊತ್ತು ಹೆರುವಂತಹವು. ಬಲೆಗೆ ಅಂತಹ ಒಂದು ತಾಯಿ ಬಿದ್ದರೆ ಅದರ ಸಂತಾನವೂ ಜೊತೆಗೇ ಬೀಳುತ್ತದೆ. ಹೊರದೇಶಗಳಲ್ಲಿ ತಾಟೆಯ ರೆಕ್ಕೆಯ ಸಾರಿಗೆ ದೊಡ್ಡ ಬೆಲೆಯಿದ್ದುದರಿಂದ, ರೆಕ್ಕೆಗಳನ್ನಷ್ಟೇ ಕತ್ತರಿಸಿಕೊಂಡು ಉಳಿದ ಮೈಯನ್ನು ಕಡಲಿಗೆಸೆಯುವುದೂ ನಡೆದಿತ್ತು. ನಮ್ಮ ಸರಕಾರವು 2001ರಲ್ಲಿ ತಿಮಿಂಗಿಲ ತಾಟೆ, ಗರಗಸ ಮೀನು ಮೊದಲಾದ ಹತ್ತು ಜಾತಿಗಳನ್ನು ಹಿಡಿಯಕೂಡದೆಂದು ವಿಧಿಸಿತು. 2013ರಲ್ಲಿ ರೆಕ್ಕೆಯನ್ನು ಕತ್ತರಿಸದೆ ಇಡೀ ಮೀನನ್ನೇ ದಡಕ್ಕೆ ತರಬೇಕೆಂದು ಹೇಳಿತು. 2015ರಲ್ಲಿ ರೆಕ್ಕೆಗಳ ರಫ್ತನ್ನು ನಿಲ್ಲಿಸಿತು. ನಾನು ಎಣಿಸಿದ ಹನ್ನೊಂದು ಮರಿಗಳ ತಾಯಿ ಈ ಯಾವ ಪಟ್ಟಿಯಲ್ಲಿಯೂ ಇರಲಿಲ್ಲ, ಬಾಣಂತಿಯ ಒಂದು ಹೊತ್ತಿನ ಊಟಕ್ಕಾಗಿ ಅದನ್ನು ಕೊಯ್ದ ಅಜ್ಜಿಯ ಮೇಲೆ ದೋಷ ಹೊರಿಸಲೂ ನಾನು ಸಿದ್ಧನಿಲ್ಲ. ಅವಳ ಮೆಟ್ಟುಕತ್ತಿ ಒಂದು ಮನೆಗೆ ಸಾಕಾಗುವಷ್ಟನ್ನು ಕೊಯ್ಯುತ್ತಿತ್ತು. ಕಡಲ ತಳವನ್ನು ಗುಡಿಸಿ ತರುವ ಬಲೆಗಳ ಲೆಕ್ಕವೇ ಬೇರೆ.

2019ರಲ್ಲಿ ನಿವೃತ್ತನಾದ ಮೇಲೆ ಒಮ್ಮೆ ಕುಂದಾಪುರಕ್ಕೆ ಹೋದೆ. ಬಸ್ಸಿಳಿದು ಗಂಗೊಳ್ಳಿಯ ಬಂದರಿನ ಕಡೆಗೆ ಹೋದಾಗ ಬೋಟುಗಳಿಂದ ಬುಟ್ಟಿಗಳು ಇಳಿಯುತ್ತಿದ್ದವು. ನರೆತ ಮೀಸೆಯ ಒಬ್ಬಾತ ನನ್ನನ್ನೇ ನೋಡುತ್ತಿದ್ದು, ಹತ್ತಿರ ಬಂದು, “ಹ್ವಾಯ್ ಮಾಷ್ಟ್ರೇ, ಗುರ್ತ್ ಸಿಕ್ತಾ?” ಎಂದ. ಗುರುತು ಸಿಕ್ಕಿರಲಿಲ್ಲ. ಅಜ್ಜಿಯ ಹೆಸರು ಹೇಳಿದಾಗ ಸಿಕ್ಕಿತು. ಅವಳು ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಇವನಿಗೆ ಒಂದು ಬೋಟಿನಲ್ಲಿ ಪಾಲಿತ್ತು.

ಮೂವತ್ತೈದು ವರ್ಷ ಹೊತ್ತುಕೊಂಡಿದ್ದ ಮಾತನ್ನು ಅಂದು ಹೇಳಿದೆ: ಆ ದಿನ ತರಗತಿಯಲ್ಲಿ ಸರಿಯಾಗಿದ್ದವನು ನೀನು, ತಪ್ಪು ನನ್ನದು, ಅದನ್ನು ಎಲ್ಲರ ಮುಂದೆ ಒಪ್ಪಿಕೊಳ್ಳಬೇಕಿತ್ತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ತರಗತಿಯದು ತನಗೆ ನೆನಪಿಲ್ಲವೆಂದ; ಆದರೆ ಅವನ ಕಣ್ಣು ನನ್ನ ಕಡೆಗಿರಲಿಲ್ಲ. ನೆನಪಿರುವುದು ಆ ಎರಡು ಮರಿಗಳು ಎಂದ. ಒಂದು ನೀರಿನಲ್ಲಿ ಮಗುಚಿಕೊಂಡಿತಂತೆ; ಇನ್ನೊಂದು ಬೊಗಸೆಯಿಂದ ಜಾರಿ ಹೋದದ್ದು ಮತ್ತೆ ಕಾಣಲಿಲ್ಲವಂತೆ.

ತಾಟೆಗಳು ಈಗಲೂ ಬರುತ್ತವೆಯೇ ಎಂದು ಕೇಳಿದೆ. ಚಿಕ್ಕವು ಬರುತ್ತವೆ, ಹಿಂದೆ ಇಬ್ಬರು ಕಂಬಕ್ಕೆ ಕಟ್ಟಿ ಹೊರುತ್ತಿದ್ದಂತಹವನ್ನು ಕಂಡು ವರ್ಷಗಳೇ ಆದವು ಎಂದ. ಎರಡು ವರ್ಷಗಳ ಬಳಿಕ, 2021ರಲ್ಲಿ, ಲೋಕದ ತಾಟೆ ತೊರಕೆಗಳ ಜಾತಿಗಳಲ್ಲಿ ಸುಮಾರು ಮೂರರಲ್ಲೊಂದು ಅಳಿವಿನ ಅಂಚಿನತ್ತ ಸಾಗಿದೆಯೆಂದೂ, ತೆರೆದ ಸಾಗರದಲ್ಲಿ ಅವುಗಳ ಸಂಖ್ಯೆ 1970ರಿಂದ ಈಚೆಗೆ ನೂರಕ್ಕೆ ಎಪ್ಪತ್ತೊಂದರಷ್ಟು ಕುಸಿದಿದೆಯೆಂದೂ ವಿಜ್ಞಾನಿಗಳು ಲೆಕ್ಕ ಕೊಟ್ಟರು. ಅದನ್ನು ಓದಿದಾಗ ಬಂದರಿನಲ್ಲಿ ಅವನು ಎರಡು ತೋಳುಗಳನ್ನೂ ಚಾಚಿ ಹಳೆಯ ತಾಟೆಗಳ ಉದ್ದವನ್ನು ತೋರಿಸಿದ ರೀತಿ ಕಣ್ಣಮುಂದೆ ಬಂತು.

ಹೊರಡುವೆನೆಂದಾಗ ಅವನು ಬುಟ್ಟಿಯೊಳಗೆ ಕೈಹಾಕಿ ಒಂದು ಮೀನನ್ನು ಎತ್ತಿ ಹಿಡಿದ. ಮುಂಭಾಗ ಮೊರದ ತುದಿಯಂತೆ ಚಪ್ಪಟೆ; ಹಿಂಭಾಗ ತಾಟೆಯದೇ ಮೈ, ತಾಟೆಯದೇ ಬಾಲ. ಅವನ ಮೀಸೆಯ ಕೆಳಗೆ ಸಣ್ಣ ನಗುವಿತ್ತು. “ಇದ್ ತಾಟೆಯಾ, ತೊರಕೆಯಾ? ಹೇಳಿ ಕಾಂಬ, ಮಾಷ್ಟ್ರೇ.”

ನಾನು ಚೀಲವನ್ನು ಕೆಳಗಿಟ್ಟೆ. ಕನ್ನಡಕವನ್ನು ಒರೆಸಿ ಹಾಕಿಕೊಂಡು, ಮೀನನ್ನು ಎರಡು ಕೈಗಳಲ್ಲಿಯೂ ತೆಗೆದುಕೊಂಡು ಮೆಲ್ಲನೆ ಅಂಗಾತ ಮಾಡಿದೆ. ಬಿಳಿಯ ಹೊಟ್ಟೆಯ ಮೇಲೆ, ಬಾಯಿಯ ಹಿಂದೆ, ಎರಡು ಸಾಲು ಸೀಳುಗಳಿದ್ದವು. ಬೆರಳಿಟ್ಟು ಎಣಿಸಿದೆ. ಈ ಕಡೆ ಐದು, ಆ ಕಡೆ ಐದು.

“ತೊರಕೆಯ ಪೈಕಿ” ಎಂದೆ.

“ಅಜ್ಜಿಯೂ ಹಾಂಗೇ ಹೇಳ್ತಿತ್ತ್” ಎಂದು ಅವನು ಮೀನನ್ನು ಹಿಂದಕ್ಕೆ ತೆಗೆದುಕೊಂಡ.